ಒಮ್ಮತದ ಕರ್ನಲ್

ಎಂಬತ್ತರ ದಶಕದ ಕೊನೆಯಲ್ಲಿ ನಾನು ಸಿರುಗುಪ್ಪದ ಒಂದು ಸಹಕಾರಿ ಅಕ್ಕಿ ಗಿರಣಿಯ ಕಾರ್ಯದರ್ಶಿಯಾಗಿದ್ದೆ. ಸುಗ್ಗಿ ಬಂತೆಂದರೆ ಅಂಗಳದಲ್ಲಿ ಭತ್ತದ ಬಂಡಿಗಳೂ ಟ್ರ್ಯಾಕ್ಟರುಗಳೂ ಸಾಲುಗಟ್ಟುತ್ತಿದ್ದವು. ಯಾರ ಭತ್ತ ಮೊದಲು ಎಂಬುದನ್ನು ಮಾತ್ರ ಅಧ್ಯಕ್ಷರ ಕಣ್ಸನ್ನೆ ತೀರ್ಮಾನಿಸುತ್ತಿತ್ತು. ಬಳ್ಳಾರಿಯ ಕಾಲೇಜಿನ ಚರ್ಚಾಕೂಟದಲ್ಲಿ ಸಮಾನತೆಯ ಪರವಾಗಿ ವಾದಿಸಿ ಬಂದಿದ್ದ ನನಗೆ ಅದನ್ನು ಸಹಿಸಲಾಗಲಿಲ್ಲ. ಬಂದವರ ಹೆಸರನ್ನು ಬಂದ ಕ್ರಮದಲ್ಲೇ ಹಿಡಿದಿಟ್ಟು ಪಾಳಿಯ ಚೀಟಿ ಮುದ್ರಿಸುವ ಕಂಪ್ಯೂಟರೊಂದನ್ನು ಆಡಳಿತ ಮಂಡಳಿಯನ್ನು ಒಪ್ಪಿಸಿ ತರಿಸಿದೆ. ಅಧ್ಯಕ್ಷರು ಒಂದೇ ಷರತ್ತು ಹಾಕಿದರು: ಹೊಸ ಭತ್ತದ ಮೊದಲ ಬಂಡಿ ಬರುವುದರೊಳಗೆ ಯಂತ್ರ ನಡೆಯದಿದ್ದರೆ ಅದು ವಾಪಸು, ಪಾಳಿ ಮತ್ತೆ ಅವರ ಕೈಗೆ.

ಯಂತ್ರದೊಂದಿಗೆ ಬಂದ ಕರ್ನಲ್‌ಗೆ, ಅಂದರೆ ಅದರ ಭಾಗಗಳನ್ನೆಲ್ಲ ಅಂಕೆಯಲ್ಲಿಡುವ ಮೂಲ ಪ್ರೋಗ್ರಾಮಿಗೆ, ನಮ್ಮ ಪ್ರಿಂಟರಿನ ಪರಿಚಯವಿರಲಿಲ್ಲ. ಕರ್ನಲ್ಲನ್ನು ಹೊಸದಾಗಿ ಕಟ್ಟಬೇಕಾಯಿತು. ಬೆಂಗಳೂರಿನಿಂದ ಬಂದ ತರುಣ ಎಂಜಿನಿಯರು ವಿವರಿಸಿದರು: ಒಂದೊಂದು ಸಾಧನವನ್ನು ನಡೆಸುವ ಪ್ರತಿಯೊಂದು ಐಚ್ಛಿಕ ಮಾಡ್ಯೂಲಿನ ಬಗ್ಗೆಯೂ ಯಂತ್ರ ಒಂದು ಪ್ರಶ್ನೆ ಕೇಳುತ್ತದೆ, ಬೇಕೋ ಬೇಡವೋ ಹೇಳಬೇಕು, ಬೇಕೆಂದದ್ದೆಲ್ಲ ಮೆಮೊರಿಯಲ್ಲಿ ಜಾಗ ಹಿಡಿಯುತ್ತದೆ, ಆದ್ದರಿಂದ ಕೈ ಬಿಗಿಹಿಡಿಯಬೇಕು. ಸಂಘದ ಸೊತ್ತಾದ ಯಂತ್ರ ಕೇಳುವ ಪ್ರಶ್ನೆಗೆ ಸಂಬಳದ ನೌಕರನೊಬ್ಬ ಉತ್ತರಿಸುವುದು ನನಗೆ ಸರಿಕಾಣಲಿಲ್ಲ, ಇಂದಿಗೂ ಕಾಣುವುದಿಲ್ಲ. ಪ್ರಶ್ನೆಗಳನ್ನು ಮಂಡಳಿಯ ಮುಂದಿಟ್ಟೆ.

ಸಿರುಗುಪ್ಪ, ಕುರುಗೋಡು, ಬಳ್ಳಾರಿ ಎಂಬ ಮೂರು ಊರುಗಳ ಶಾಖೆಗಳಿಂದ ನಿರ್ದೇಶಕರಿದ್ದ ನಮ್ಮ ಮಂಡಳಿಯಲ್ಲಿ ಒಂದು ರೂಢಿಯಿತ್ತು. ಒಂದು ಊರಿನ ನಿರ್ದೇಶಕರು ಕೇಳಿದ್ದನ್ನು ಇನ್ನೊಂದು ಊರಿನವರು ಬೇಡವೆನ್ನುತ್ತಿರಲಿಲ್ಲ. ಹಾಗೆಂದರೆ ಅದು ಇಡೀ ಊರಿಗೆ ಮಾಡಿದ ಅವಮಾನ. ಸಿರುಗುಪ್ಪದವರು ಪ್ರಿಂಟರ್ ಸೂಚಿಸಿದರು, ಅಂಗೀಕಾರವಾಯಿತು. ಕೂಡಲೇ ಕುರುಗೋಡಿನ ನಿರ್ದೇಶಕರು ಎದ್ದರು.

"ಅವ್ರಿಗೆ ಪ್ರಿಂಟರ್ ಆತು. ನಮಗೇನೈತ್ರಿ?"

"ಫೋನಿನ ಮೂಲಕ ಲೆಕ್ಕ ಕಳಿಸೋ ಮೋಡೆಮ್ ಇದೆ ಸಾರ್. ಆದ್ರೆ ನಿಮ್ಮ ಶಾಖೆಯಲ್ಲಿ ಫೋನೇ ಇಲ್ವಲ್ಲ," ಎಂದರು ಎಂಜಿನಿಯರು.

"ಮುಂದ ಬರೂದಿಲ್ಲಂತ ನಿಮಗ್ಯಾರು ಹೇಳ್ಯಾರ? ಬರ್ಕೊಳ್ರಿ."

ಬಳ್ಳಾರಿ ನಗರದ ನಿರ್ದೇಶಕರು ಲೆಕ್ಕಪತ್ರವನ್ನು ಟೇಪಿನಲ್ಲಿ ಉಳಿಸುವ ಟೇಪ್ ಡ್ರೈವ್ ಬೇಕೆಂದು ಪಟ್ಟು ಹಿಡಿದರು. ಅಂಥದ್ದು ನಮ್ಮಲ್ಲಿರಲೇ ಇಲ್ಲ. "ಜಿಲ್ಲಾ ಕೇಂದ್ರ ರೀ ನಮ್ದು. ಹಳ್ಳಿಗೆ ಫೋನ್ ಕೊಟ್ಟು ನಮ್ಮನ್ನ ಬರಿಗೈಲೆ ಕಳಸ್ತೀರೇನು?"

"ಯಾವುದ್ರಿ ಹಳ್ಳಿ?" ಎಂದು ಕುರುಗೋಡಿನವರು ಮತ್ತೆ ಎದ್ದರು. ಆ ಮಾತಿನ ಪರಿಹಾರವಾಗಿ ಅವರಿಗೆ ನಕ್ಷೆ ಬರೆಯುವ ಪ್ಲಾಟರಿನ ಮಾಡ್ಯೂಲನ್ನೂ ಕೊಡಬೇಕಾಯಿತು. ಸಭೆ ಮುಗಿದಾಗ ಒಂದು ಪ್ರಶ್ನೆಗೂ ಬೇಡವೆಂಬ ಉತ್ತರ ಬಂದಿರಲಿಲ್ಲ.

ಎಂಜಿನಿಯರು ಹಾಗೆಯೇ ಕಟ್ಟಿದರು. ಯಂತ್ರ ಎದ್ದು ಇಲ್ಲದ ಟೇಪಿಗಾಗಿ ಕಾದಿತು, ಇಲ್ಲದ ಫೋನಿಗಾಗಿ ಕಾದಿತು, ಕೊನೆಗೆ ಮೆಮೊರಿ ಉಳಿದಿಲ್ಲವೆಂದು ತಿಳಿಸಿ ನಿಂತಿತು. ಕರ್ನಲ್ಲಿನಲ್ಲಿ ಮೂರು ಊರುಗಳೂ ಆಸೀನವಾಗಿದ್ದವು. ಪಾಳಿಯ ಪ್ರೋಗ್ರಾಮಿಗೆ ಮಾತ್ರ ಕೂರಲು ಜಾಗವಿರಲಿಲ್ಲ.

ಕಾಲುವೆಯ ಕೆಳಗಿನ ಗದ್ದೆಗಳಲ್ಲಿ ಆಗಲೇ ಕುಡುಗೋಲು ಆಡತೊಡಗಿತ್ತು. "ಪ್ರಿಂಟರ್ ಒಂದನ್ನೇ ಸೇರಿಸಿ ಸದ್ದಿಲ್ಲದೆ ಕಟ್ಟಿಬಿಡ್ತೀನಿ ಸಾರ್. ಯಾರಿಗೆ ಗೊತ್ತಾಗುತ್ತೆ?" ಎಂದರು ಎಂಜಿನಿಯರು. ಸದ್ದಿಲ್ಲದೆ ಒಬ್ಬರಿಗೆ ಅನುಕೂಲ ಮಾಡುವುದನ್ನು ನಿಲ್ಲಿಸಲೆಂದೇ ಈ ಯಂತ್ರ ಬಂದಿದೆ ಎಂದೆ. ಅವರು ಚಹಾ ಕುಡಿಯಲು ಹೊರಟುಹೋದರು.

ಮಂಡಳಿ ಮತ್ತೆ ಸೇರಿತು. ಪ್ರಿಂಟರ್ ಬಿಟ್ಟು ಉಳಿದವನ್ನು ಕೈಬಿಡೋಣವೆಂದೆ. ಕೈಬಿಟ್ಟ ಮಾಡ್ಯೂಲು ನಾಶವಾಗುವುದಿಲ್ಲ, ಡಿಸ್ಕಿನಲ್ಲಿ ಭದ್ರವಾಗಿರುತ್ತದೆ. ಸದಸ್ಯತ್ವ ಉಳಿಯುತ್ತದೆ, ಸಭೆಗೆ ಕರೆ ಮಾತ್ರ ಇರುವುದಿಲ್ಲ ಎಂದು ವಾದಿಸಿದೆ.

"ತಗೀರಿ, ಬ್ಯಾಡ ಅನ್ನೂದಿಲ್ಲ," ಎಂದರು ಕುರುಗೋಡಿನವರು. "ಮೊದ್ಲು ಬಳ್ಳಾರಿಯವ್ರದು ತಗೀರಿ."

"ನಮ್ದ್ಯಾಕ್ರಿ ಮೊದ್ಲು? ಸಿರುಗುಪ್ಪದವ್ರು ಪ್ರಿಂಟರ್ ಬಿಡ್ಲಿ, ನಾವೂ ಬಿಡ್ತೀವಿ."

ಅಲ್ಲಿಯವರೆಗೆ ಮೀಸೆಯಡಿ ನಗುತ್ತಿದ್ದ ಅಧ್ಯಕ್ಷರು ತೀರ್ಪು ಕೊಟ್ಟರು: "ಜಗಳ ಯಾಕ? ಎಲ್ಲಾರದೂ ಒಮ್ಮೆಲೇ ತಗದು ಒಗೀರಿ. ಸಮಾನತೆ ಅಂದ್ರ ಅದಲ್ಲೇನ್ರಿ, ಸೆಕ್ರೆಟರಿ ಸಾಹೇಬ್ರ?"

ಠರಾವು ಸರ್ವಾನುಮತದಿಂದ ಪಾಸಾಯಿತು. ಐಚ್ಛಿಕವಲ್ಲದ ಡಿಸ್ಕು, ಕೀಲಿಮಣೆ ಮತ್ತು ಪರದೆ ಮಾತ್ರ ಉಳಿದವು. ಮರುದಿನ ಕಟ್ಟಿದ ಕರ್ನಲ್ ಗುಂಡಿ ಒತ್ತಿದೊಡನೆ ಎದ್ದು ಕುಳಿತಿತು. ಪಾಳಿಯ ಪ್ರೋಗ್ರಾಮು ಸರಾಗವಾಗಿ ಓಡಿತು. ಚೀಟಿ ಮಾತ್ರ ಬರುವಂತಿರಲಿಲ್ಲ.

ಮೊದಲ ಬಂಡಿಗಳು ಬಂದವು. "ಚೀಟಿ ಎಲ್ಲೈತ್ರಿ?" ಎಂದು ಅಧ್ಯಕ್ಷರು ಕೈಚಾಚಿದರು. ನಾನು ಮೇಜನ್ನು ಅಂಗಳದ ಕಿಟಕಿಗೆ ಎಳೆದು, ಪರದೆಯ ಮೇಲಿದ್ದ ಹೆಸರುಗಳನ್ನು ಕ್ರಮವಾಗಿ ಗಟ್ಟಿಯಾಗಿ ಓದತೊಡಗಿದೆ. ಅಂಗಳವೆಲ್ಲ ಕೇಳಿಸಿಕೊಂಡಿತು. ಅಷ್ಟರಲ್ಲಿ ಅಧ್ಯಕ್ಷರ ಅಳಿಯನ ಟ್ರ್ಯಾಕ್ಟರು ಎಂದಿನಂತೆ ಸಾಲು ತಪ್ಪಿಸಿ ಮುಂದೆ ಬಂತು.

"ಏ ಲೇ, ಕೂಗಿದ್ದು ಕೇಳಸ್ಲಿಲ್ಲೇನ?" ಎಂದಳು ಬಂಡಿಯ ಮೇಲೆ ಕುಳಿತಿದ್ದ ರೈತ ಹೆಂಗಸು. "ನಿನ್ನ ಹೆಸರು ಇನ್ನಾ ಬಂದಿಲ್ಲ. ಹಿಂದಕ ಸರಿ!"

"ಹಿಂದಕ, ಹಿಂದಕ!" ಎಂದು ಸಾಲೆಲ್ಲ ದನಿಗೂಡಿಸಿತು. ಟ್ರ್ಯಾಕ್ಟರು ಕಿರುಗುಟ್ಟುತ್ತ ಹಿಮ್ಮುಖವಾಗಿ ಸರಿಯಿತು. ಚೀಟಿಯನ್ನಾದರೆ ಮೆತ್ತಗೆ ಕೈಬದಲಾಯಿಸಬಹುದಿತ್ತು. ಊರೆಲ್ಲ ಕೇಳಿದ ಕೂಗನ್ನು ಬದಲಾಯಿಸುವಂತಿರಲಿಲ್ಲ.

ಅಧ್ಯಕ್ಷರು ಕಿಟಕಿಯ ಬಳಿ ಬಂದು ದನಿ ತಗ್ಗಿಸಿದರು. "ಅಲ್ರೀ, ಆ ಪ್ರಿಂಟರ್ ಒಂದನ್ನ ಮತ್ತ ಒಳಗ ಹಾಕಾಕ ಬರ್ತೈತೇನ್ರಿ?"

"ಬರ್ತೈತ್ರಿ," ಎಂದೆ. "ಮೂರೂ ಊರಿನವರು ಒಪ್ಪಬೇಕು, ಅಷ್ಟೇ." ಮತ್ತೆ ಪರದೆಯತ್ತ ತಿರುಗಿ ಮುಂದಿನ ಹೆಸರನ್ನು ಕೂಗಿದೆ.