ಸಡಿಲ ಕೇಬಲ್ಲಿನ ಕಾರಿನಲ್ಲಿ ಮಾವನೋರು

ನಮ್ಮ ಕಾರಿನ ಬ್ಯಾಟರಿ ಹೂ ಬಿಡುತ್ತಿತ್ತು. ಕೇಬಲ್ಲು ಬ್ಯಾಟರಿಯನ್ನು ಕಚ್ಚಿಕೊಳ್ಳುವ ಜಾಗದಲ್ಲಿ ಬಿಳಿ-ಹಸಿರು ಬೂಷ್ಟು ಬೆಳೆದು, ಒರೆಸಿದಷ್ಟೂ ಮತ್ತೆ ಬರುತ್ತಿತ್ತು. ಮಾವನೋರು ಮೊದಲ ಸಲ ಬಾನೆಟ್ ಒಳಗೆ ಇಣುಕಿದವರೇ, "ಏನ್ ಛಂದ ಅರಳ್ಯಾವಲೇ! ಬಿಡಿಸಿಕೊಂಡು ದೇವರಿಗೆ ಏರಿಸಲೇನು?" ಅಂದರು.

ಆಗ ನಾವು ಅಮೆರಿಕದ ಪಾರ್ಸಿಪನಿ ಎಂಬ ಊರಲ್ಲಿ ಬಾಡಿಗೆಗಿದ್ದೆವು. ಕಂಪ್ಯೂಟರ್ ಬಲ್ಲವರನ್ನೆಲ್ಲ ಅಮೆರಿಕ ಬಾಚಿ ಬಾಚಿ ಕರೆಸಿಕೊಳ್ಳುತ್ತಿದ್ದ ಕಾಲ. ಪ್ರಾಜೆಕ್ಟ್ ಮುಗಿದರೆ ಯಾವ ಊರಿಗೆ ಎತ್ತಿ ಹಾಕುತ್ತಾರೋ ಗೊತ್ತಿಲ್ಲ, ಹಾಗಾಗಿ ಯಾರ ಮನೆಯಲ್ಲೂ ಗಟ್ಟಿ ಸಾಮಾನು ಇರಲಿಲ್ಲ. ಕಾರೂ ಅಷ್ಟೇ. ಟೆಕ್ಸಾಸಿಗೆ ಹೊರಟವರು ನಮಗೆ ದಾಟಿಸಿ ಹೋದದ್ದು. ಅವರಿಗೆ ಇನ್ಯಾರೋ ದಾಟಿಸಿದ್ದರು. ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ನನ್ನ ಗಂಡ ಆ ಬೂಷ್ಟಿನ ಮೇಲೆ ಬಿಸಿನೀರು ಹೊಯ್ದು, ಕೇಬಲ್ಲಿನ ಸಡಿಲವಾದ ಹಿಡಿಕೆಯೊಳಗೆ ಚಪಾತಿ ಸುತ್ತುವ ಫಾಯಿಲ್ ಮಡಚಿ ತುರುಕುತ್ತಿದ್ದ. ನಮ್ಮ ಬಿಲ್ಡಿಂಗಿನ ಅರ್ಧ ಕಾರುಗಳಿಗೆ ಅದೇ ಮದ್ದು. ಹೊಸ ಕೇಬಲ್ ಹಾಕಿಸಬಾರದೇ ಅಂದರೆ, "ಪ್ರಾಜೆಕ್ಟ್ ಮುಗಿಯೋತನಕ ನಡೀತದ, ಬಿಡು" ಅನ್ನುವನು.

"ಹೆಂಡತಿ ನಿನಗ ಬುತ್ತಿ ಕಟ್ತಾಳ, ನೀ ಕಾರಿಗೆ ಕಟ್ಟು," ಎಂದು ಮಾವನೋರು ನಗುವರು.

ಅತ್ತೆ ತೀರಿಕೊಂಡ ಮೇಲೆ ಧಾರವಾಡದಿಂದ ನಮ್ಮಲ್ಲಿಗೆ ಬಂದಿದ್ದರು ಅವರು. ನಾನು ಬೆಂಗಳೂರಿನ ಕಾನ್ವೆಂಟಿನವಳು. ನನ್ನ ಕನ್ನಡ ಅಂಗಡಿಗೆ, ಆಟೋದವನಿಗೆ ಸಾಲುವಷ್ಟು. ಡ್ರೈವಿಂಗ್ ಬಾರದೆ, ಕೆಲಸಕ್ಕೆ ವೀಸಾ ಇಲ್ಲದೆ, ಹಗಲೆಲ್ಲ ಮನೆಯಲ್ಲೇ ಇರುತ್ತಿದ್ದೆ. ಅವರು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಬಾಯಿಬಿಟ್ಟರೆ ಸಂಜೆಯಾಗುತ್ತಿತ್ತು. ಸೋದರತ್ತೆಯ ಜಗಳ, ರೊಟ್ಟಿ ಸುಡುವ ಹದ, ಎಮ್ಮೆ ಕದ್ದವನು ಸಿಕ್ಕಿಬಿದ್ದ ಪರಿ, ಎಲ್ಲವನ್ನೂ ಎದುರಿಗೇ ನಡೆಯುತ್ತಿದೆ ಎನ್ನುವಂತೆ ಹೇಳುವರು. ನಡುವೆ ನಾನು ಇಂಗ್ಲಿಷ್ ಪದ ಹಾಕಿದರೆ, "ಏ ಹುಡುಗಿ, ಅನ್ನದಾಗಿನ ಹಳ್ಳು ಬಾಯಾಗ ಬಂತು, ಉಗುಳು" ಎಂದು ನಿಲ್ಲಿಸಿಯೇ ಬಿಡುವರು. ಈಗ ನಾನು ಬರೆಯುತ್ತಿರುವ ಈ ಮಾತುಗಳಲ್ಲಿ ಮುಕ್ಕಾಲು ಪಾಲು ಅವರ ಬಾಯಿಂದ ಬಂದವು.

ಮಾವನೋರು ಬರುವಾಗ ಮಾಡಿಸಿದ್ದ ಆರೋಗ್ಯದ ಇನ್ಶೂರೆನ್ಸ್ ಮುಗಿದಿತ್ತು. ಮತ್ತೆ ಮಾಡಿಸಬೇಕು ಎಂದು ಮಾತಾಡಿಕೊಳ್ಳುತ್ತಲೇ ಹಿಮ ಬಿತ್ತು. ಇತ್ತ, ಸತ್ಯನಾರಾಯಣ ಪೂಜೆಗೆ ಎಲ್ಲಿ ಹೋದರೂ ಊಟದ ಹೊತ್ತಿಗೆ ಆಂಬುಲೆನ್ಸಿನ ಕತೆಗಳೇ: ಯಾರದೋ ತಾಯಿ ಜಾರಿಬಿದ್ದರು, ಆಸ್ಪತ್ರೆಯ ಬಿಲ್ ಬಂತು, ಊರ ಸೈಟು ಮಾರಿದರು. ಮಾವನೋರು ಪ್ರಸಾದದ ತಟ್ಟೆ ಹಿಡಿದು ಇದನ್ನೆಲ್ಲ ಬಾಯಿಬಿಟ್ಟುಕೊಂಡು ಕೇಳಿದ್ದರು.

ಒಂದು ಶನಿವಾರ ಬೆಳಿಗ್ಗೆ ಅವರ ಚಹಾ ತುಟಿಯ ಬಲತುದಿಯಿಂದ ಅಂಗಿಯ ಮೇಲೆ ಸೋರಿತು. ಒರೆಸಲು ಹೋದರೆ ಬಲಗೈ ಮೇಲೇಳಲಿಲ್ಲ. ಮಾತು ಬಂತು, ಆದರೆ ನೆನೆದ ಬಟ್ಟೆಯ ಹಾಗೆ ಭಾರವಾಗಿ.

ಗಂಡ ಫೋನಿಗೆ ಕೈ ಹಾಕಿದ. ಅಷ್ಟರಲ್ಲಿ ಅವರು, "ಆಂಬುಲೆನ್ಸ್... ಬ್ಯಾಡ," ಅಂದರು. "ಮನಿ ಮುಳುಗಸ್ತೀಯೇನು?"

"ಅಪ್ಪಾ, ಸುಮ್ಮನಿರು."

"ನನ್ನಾಣಿ ಐತಿ."

ಆಣೆಗೆ ನನ್ನ ಗಂಡ ಸೋತ. ಹಿಲ್ಸ್‌ಬರೋದಲ್ಲಿ ನಮ್ಮ ಕನ್ನಡದ ಡಾಕ್ಟರೊಬ್ಬರಿದ್ದರು, ಹಬ್ಬಗಳಲ್ಲಿ ಸಿಗುವವರು. ಅಲ್ಲಿಗೆ ಫೋನ್ ಮಾಡಿದರೆ ಆನ್ಸರಿಂಗ್ ಮೆಷಿನ್ ಎತ್ತಿತು. "ಹಿಮದಾಗ ಎಲ್ಲಿ ಹೋಗ್ತಾರ, ಮನ್ಯಾಗ ಇರ್ತಾರ, ನಡಿ," ಅಂದ. ಊರಲ್ಲಾದರೆ ಹಾಗೇ ತಾನೆ? ಗುರುತಿನ ಡಾಕ್ಟರ ಮನೆ ಬಾಗಿಲು ಬಡಿಯುವುದು. ಬಿಸಿನೀರು ಹೊಯ್ದ, ಫಾಯಿಲ್ ತುರುಕಿದ, ಕಾರು ಹೊರಟಿತು. ಹಿಂದಿನ ಸೀಟಿನಲ್ಲಿ ಮಾವನೋರ ತಲೆ ನನ್ನ ಭುಜದ ಮೇಲೆ.

287ನೇ ಹೆದ್ದಾರಿಯ ಮೇಲೆ ಅರ್ಧ ದಾರಿ ಹೋಗಿದ್ದೆವು. ಮೊದಲು ವೈಪರ್ ನಿಧಾನವಾಯಿತು, ಮುದುಕನ ಕೈಯಂತೆ. ಆಮೇಲೆ ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಒಮ್ಮೆಗೇ ಹತ್ತಿ ಒಮ್ಮೆಗೇ ಆರಿದವು. ಹೀಟರ್ ನಿಂತಿತು. ಇಂಜಿನ್ ಸದ್ದೇ ಇಲ್ಲ. ಟೈರು ಕೆಸರು ಹಿಮವನ್ನು ಸೀಳುವ ಸದ್ದು ಮಾತ್ರ. ಗಂಡ ಕಾರನ್ನು ಹೇಗೋ ರಸ್ತೆಯ ಮಗ್ಗುಲಿಗೆ ಉರುಳಿಸಿ ನಿಲ್ಲಿಸಿದ.

ಬಾನೆಟ್ ಎತ್ತಿ, "ಕೇಬಲ್ ಕಳಚಿ ಬಿದ್ದದ," ಎಂದು ಕೂಗಿದ. ತಿರುಗಿ ಸಿಕ್ಕಿಸಲು ಹೋದರೆ ಹಿಡಿಕೆಯೇ ಮುರಿದು ಕೈಗೆ ಬಂತು. ಬೂಷ್ಟು ಅದನ್ನು ಒಳಗಿಂದೊಳಗೇ ತಿಂದು ಹಾಕಿತ್ತು. ಬರಿಗೈಯಲ್ಲಿ ಕೇಬಲ್ಲನ್ನು ಬ್ಯಾಟರಿಗೆ ಒತ್ತಿ ಹಿಡಿದು, "ಕೀ ತಿರುಗಿಸು!" ಅಂದ. ನಾನು ಮುಂದಕ್ಕೆ ಬಾಗಿ ತಿರುಗಿಸಿದೆ. ಟಕ್ ಅಂತು. ಮತ್ತೆ ಟಕ್. ಅಷ್ಟೇ. ಎಚ್ಚರಿಕೆಯ ದೀಪ ಮಿನುಗಿಸಲೂ ಕರೆಂಟಿಲ್ಲ. ಅವನು ರಸ್ತೆಯಂಚಿಗೆ ಹೋಗಿ ಎರಡೂ ಕೈ ಬೀಸತೊಡಗಿದ. ಟ್ರಕ್ಕುಗಳು ಕೆಸರು ಎರಚಿ ಹೋದವು. ನಮ್ಮಲ್ಲಿ ಮೊಬೈಲ್ ಇರಲಿಲ್ಲ. ಅವನ ಸೊಂಟದಲ್ಲಿ ಆಫೀಸಿನ ಪೇಜರ್ ಇತ್ತು, ಅದರಿಂದ ಯಾರನ್ನೂ ಕರೆಯಲಾಗದು.

ಒಳಗೆ ನಮ್ಮ ಉಸಿರು ಗಾಜಿಗೆ ಅಂಟಿ ಹೊರಗಿನದೇನೂ ಕಾಣದಾಯಿತು. ನಾನು ನನ್ನ ಕೋಟನ್ನು ಮಾವನೋರಿಗೆ ಹೊದಿಸಿ, "ಏನಾದ್ರೂ ಹೇಳ್ರಿ ಮಾವನೋರೆ, ಆ ಎಮ್ಮೆ ಕಳ್ಳಂದು ಹೇಳ್ರಿ," ಅಂದೆ.

"ಎಮ್ಮಿ..." ಅಂದರು. ಮತ್ತೆ "ಎಮ್ಮಿ" ಅಂದರು. ಮುಂದಿನ ಮಾತಿಗೆ ತಡಕಾಡಿದರು. ನಾಲಿಗೆ ಹೊರಳಿದ್ದು ಕಂಡಿತು. ಪದ ಬರಲಿಲ್ಲ.

ಗಂಟೆಗಟ್ಟಲೆ ಕಾದ ಮೇಲೆ ಕೊನೆಗೆ ಪೊಲೀಸಿನವನೊಬ್ಬ ನಿಂತ. ಟಾರ್ಚ್ ಹಾಕಿ ಮಾವನೋರ ಮುಖ ನೋಡಿದವನೇ, ನಮ್ಮನ್ನೇನೂ ಕೇಳದೆ ರೇಡಿಯೋದಲ್ಲಿ ಆಂಬುಲೆನ್ಸ್ ಕರೆದ. ಬೇಡವೆಂದು ಆಣೆ ಹಾಕಿದ್ದ ಅದೇ ಗಾಡಿ ಬಂತು. ಅವರನ್ನು ಮಲಗಿಸಿ ಪಟ್ಟಿ ಬಿಗಿಯುವಾಗ ಮಾವನೋರು ಬೇಡವೆಂದು ತಲೆಯಾಡಿಸುತ್ತಲೇ ಇದ್ದರು.

ಆಸ್ಪತ್ರೆಯ ಡಾಕ್ಟರು ಕೇಳಿದ್ದು ಒಂದೇ. "ಕೊನೆಯ ಸಲ ಇವರು ಸರಿಯಿದ್ದದ್ದು ಎಷ್ಟು ಹೊತ್ತಿಗೆ?" ಗಂಡ ಹೇಳಿದ. ಅವರು ಗೋಡೆಯ ಗಡಿಯಾರ ನೋಡಿ, ಮಿದುಳಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಔಷಧಿಗೆ ಮೂರು ಗಂಟೆಯ ಗಡುವು, ಅದು ಮೀರಿದೆ ಅಂದರು. ನನ್ನ ಗಂಡನ ಬೆರಳ ತುಂಬ ಬ್ಯಾಟರಿಯ ಹಸಿರು ಇನ್ನೂ ಹಾಗೇ ಇತ್ತು.

ಜೀವ ಉಳಿಯಿತು. ಕೆಲವು ವಾರಗಳಲ್ಲಿ ಕೋಲು ಹಿಡಿದು ನಾಲ್ಕು ಹೆಜ್ಜೆ ಇಡುವಷ್ಟಾದರು. ಮಾತು ಕಲಿಸಲು ಚಿಕ್ಕ ವಯಸ್ಸಿನ ಅಮೆರಿಕನ್ ಹುಡುಗಿಯೊಬ್ಬಳು ಬರುತ್ತಿದ್ದಳು. ಬಲು ಒಳ್ಳೆಯ ಹುಡುಗಿ. ಚಿತ್ರದ ಕಾರ್ಡು ಎತ್ತಿ ಹಿಡಿದು ಇಂಗ್ಲಿಷಿನಲ್ಲಿ ಕೇಳುವಳು, ನಾನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಕೇಳುವೆ. ಸೇಬು. ಬೆಕ್ಕು. ಕುರ್ಚಿ. ಅವರು ಕಾರ್ಡು ನೋಡುವರು, ನನ್ನನ್ನು ನೋಡುವರು, ಗಂಟಲಲ್ಲಿ ಒಂದು ಸದ್ದು ಮಾಡುವರು.

ಒಂದು ದಿನ ಅವಳು ಕಾರ್ಡುಗಳನ್ನು ಜೋಡಿಸಿಡುತ್ತಾ, ತೀರಾ ಸಹಜವಾಗಿ, "ಮೊದಲಿನಿಂದಲೂ ಮಾತು ಕಮ್ಮಿಯೇ ಇವರದು?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ನೋ," ಅಂದೆ. ಮುಂದೆ ಹೇಳಲು ಹೋದರೆ ನನಗೂ ಪದ ಬರಲಿಲ್ಲ. ಮಾವನೋರು, ಹಳ್ಳು ಹುಡುಕುವವರ ಹಾಗೆ, ನನ್ನ ಬಾಯನ್ನೇ ನೋಡುತ್ತಿದ್ದರು.