ಮಗಳ ಮಂಜುಗಡ್ಡೆಯಲ್ಲಿ ಕೆಂಪಯ್ಯ ಹಿಡಿದ ತಪ್ಪು

ಬನ್ನೂರಿಗೆ ಮೂರು ಮೈಲಿ ದೂರದ ನಮ್ಮೂರಿನಲ್ಲಿ ಕೆಂಪಯ್ಯನನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಕಡಿಮೆ. ಹಗ್ಗದವನು ಎಂದರೆ ಸಾಕಿತ್ತು. ಗ್ರಾಮ ಸಹಾಯಕನಾಗಿ ಮೂವತ್ತೆಂಟು ವರ್ಷ ಅವನು ಮಾಡಿದ್ದು ಅದೇ ಕೆಲಸ. ಬೆಳೆ ಅಂದಾಜಿಗೆ ಸಾಹೇಬರು ಬಂದಾಗ ಗದ್ದೆಗಿಳಿದು ನಾಲ್ಕು ಗೂಟ ನೆಡಬೇಕು, ಐದು ಮೀಟರ್ ಉದ್ದ ಐದು ಮೀಟರ್ ಅಗಲಕ್ಕೆ ಹಗ್ಗ ಬಿಗಿಯಬೇಕು, ಒಳಗಿನ ಭತ್ತ ಕೊಯ್ದು ಬಡಿದು ತೂಗಬೇಕು. ಆ ತೂಕ ನೋಡಿಕೊಂಡು ಇಡೀ ಹೋಬಳಿಯ ಬೆಳೆ ಇಷ್ಟು ಎಂದು ಮೇಲಕ್ಕೆ ಬರೆಯುತ್ತಾರೆ. ಸಾಹೇಬರು ಬದುವಿನ ಮೇಲೆ ಕೊಡೆ ಹಿಡಿದು ನಿಂತಿರುತ್ತಿದ್ದರು. ಕೆಸರಿನಲ್ಲಿ ಇವನು.

ಹೆಂಡತಿ ರಾಮಮ್ಮ ಸತ್ತಾಗ ಮಗಳು ಗೌತಮಿಗೆ ಆರು ವರ್ಷ. ನಮಗೂ ಅವರಿಗೂ ಒಂದೇ ಗೋಡೆ. ಮಗುವಿಗೆ ತಲೆ ಬಾಚಿದವಳು ನಾನು, ಪಾಠ ಓದಿಸಿದವನು ಅವನು. ಹುಡುಗಿ ಮೈಸೂರಿನಲ್ಲಿ ಎಮ್ಮೆಸ್ಸಿ ಮುಗಿಸಿ ಪಿಎಚ್‌.ಡಿ.ಗೆ ಸೇರಿದಳು. ಅದು ಏಳು ವರ್ಷವಾದರೂ ಮುಗಿಯಲಿಲ್ಲ.

ಟೀ ಅಂಗಡಿಯ ಚಾಮಯ್ಯನಿಗೆ ಅದೇ ಕಾಲಕ್ಷೇಪ. “ಏನ್ಲಾ ಅಗ್ಗ, ನಿನ್ ಮಗ್ಳು ಅದೇನ್ ಓದ್ತಾವ್ಳೆ?”

“ಸಮುದ್ರದ ಮೇಲೆ ಐಸ್ ಕಟ್ತದಲ್ಲ, ಅದುನ್ನ.”

“ಏಳೊರ್ಸದಿಂದ ಐಸ್ ನೋಡ್ಕೊಂಡ್ ಕೂತವ್ಳಾ? ಇಲ್ಲಿ ಬಂದಿದ್ ಗಂಡುಗಳೆಲ್ಲ ಕರಗೋದ್ವು ಕಣ್ಲಾ!”

ಅಂಗಡಿಯವರೆಲ್ಲ ನಗುತ್ತಿದ್ದರು. ಕೆಂಪಯ್ಯನೂ ನಗುತ್ತಿದ್ದ. ಆ ವರ್ಷ ಮುಗಿಯುವುದರೊಳಗೆ ಬರೆದದ್ದನ್ನು ಒಪ್ಪಿಸದಿದ್ದರೆ ಗೌತಮಿಯ ಹೆಸರನ್ನೇ ಹೊಡೆದುಹಾಕುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. ಒಪ್ಪಿಸಲು ಅವಳ ಗೈಡು ಪ್ರೇಮ್‌ಕುಮಾರ್ ಅವರ ಸಹಿ ಬೇಕಿತ್ತು.

ಒಂದು ಭಾನುವಾರ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಗೌತಮಿ ತನ್ನ ಕೆಲಸವನ್ನು ನಮಗೆ ಬಿಡಿಸಿ ಹೇಳಿದಳು.

“ಭೂಮೀನೇ ಕಂಪ್ಯೂಟರ್ ಒಳಗೆ ಕಟ್ತಾರೆ ದೊಡ್ಡವ್ವ. ಗಾಳಿ, ಕಡಲು, ಬಿಸಿಲು ಎಲ್ಲಾನೂ ಲೆಕ್ಕದಲ್ಲಿ. ಅದಕ್ಕೆ ಮಾದರಿ ಅಂತಾರೆ. ಅಂಥಾವು ಬೇಕಾದಷ್ಟಿವೆ. ಅವುಗಳೊಳಗೆ ಧ್ರುವದ ಕಡಲಲ್ಲಿ ಎಷ್ಟು ಮಂಜು ಕಟ್ಟುತ್ತೆ, ಉಪಗ್ರಹಕ್ಕೆ ಕಂಡಿದ್ದೆಷ್ಟು ಅಂತ ನಾನು ತಾಳೆ ನೋಡೋದು. ನಾನು ತಗೊಂಡಿರೋ ಮಾದರಿಗಳಲ್ಲಿ ದಕ್ಷಿಣ ಧ್ರುವದ ಒಟ್ಟು ಮಂಜು ಸರಿಯಾಗೇ ಬಂದಿದೆ. ನಮ್ಮ ಸರ್‌ಗಂತೂ ಖುಷಿ.”

ಕೆಂಪಯ್ಯ ಸುಲಿಯುವುದನ್ನು ನಿಲ್ಲಿಸಿದ.

“ಒಟ್ಟು ಸರಿಯಾಗ್ ಬಂತು ಅಂದ್ರೆ ನಂಗ್ಯಾಕೋ ಅನುಮಾನ ಕಣ್ ಮಗಾ. ಒಂದ್ ಸಲ ನಮ್ ಸಾಯೇಬ್ರಿಗೆ ಬಿಸ್ಲು ತಡೀನಿಲ್ಲ. ಒಂದ್ ಗದ್ದೆ ಅಳ್ದು, ಮಿಕ್ಕ ಮೂರ್ನೂ ಕೊಡೆ ಕೆಳ್ಗೇ ಬರ್ಕೊಂಡ್ರು. ಆಮೇಕೆ ನಾನೇ ನಾಲ್ಕೂ ಗದ್ದೆ ಅಳ್ದು ನೋಡುದ್ರೆ, ಸರಾಸರೀಲಿ ಒಂದ್ ಚೂರೂ ತಪ್ಪಿಲ್ಲ. ಆದ್ರೆ ನಾಲೆ ತಲೇಲಿ ಇದ್ದೋನ ಬೆಳೆ ಕಮ್ಮಿ ಬರ್ದವ್ರೆ, ನಾಲೆ ಕೊನೇಲಿ ಇದ್ದೋನ ಬೆಳೆ ಜಾಸ್ತಿ ಬರ್ದವ್ರೆ. ಕೊನೆಯೋನ ಗದ್ದೇಲಿ ಜೊಳ್ಳು ಬುಟ್ರೆ ಏನಿರ್ನಿಲ್ಲ. ಎಲ್ಡ್ ತಪ್ಪೂ ಸೇರ್ಕೊಂಡು ಒಂದು ಸರಿ ಆಗಿತ್ತು. ನೀನೂ ನಿನ್ ಐಸ್‌ಗೆ ಗದ್ದೆ ಗದ್ದೆಗೂ ಅಗ್ಗ ಆಕಿ ನೋಡು.”

ಗೌತಮಿ ಅವರೆಕಾಯಿ ಬಿಟ್ಟು ಎದ್ದಳು. ಸಂಜೆ ಹೋಗಬೇಕಾದವಳು ಮಧ್ಯಾಹ್ನದ ಬಸ್ಸಿಗೇ ಹೊರಟಳು.

ಮುಂದಿನ ಸಲ ಊರಿಗೆ ಬಂದಾಗ ಹೇಳಿದಳು: ಕಡಲು ಕಡಲನ್ನು ಬೇರೆ ಮಾಡಿ ನೋಡಿದಾಗ ಅಪ್ಪ ಹೇಳಿದ್ದೇ ಸಿಕ್ಕಿತಂತೆ. ವೆಡೆಲ್ ಸಮುದ್ರ ಎನ್ನುವ ಕಡೆ ಮಾದರಿಗಳು ಇರಬೇಕಾದ್ದಕ್ಕಿಂತ ಕಡಿಮೆ ಮಂಜು ಕಟ್ಟಿದ್ದವು, ರಾಸ್ ಸಮುದ್ರ ಎನ್ನುವ ಕಡೆ ಹೆಚ್ಚು. ಕೂಡಿದರೆ ಸರಿ. ಇನ್ನೂ ಒಂದು ಹೇಳಿದಳು. ಮಾದರಿಗಳೊಳಗೆ ಮಂಜು ಕಡಿಮೆಯಾಗುತ್ತಿದ್ದ ವರ್ಷಗಳಲ್ಲಿ ನಿಜವಾದ ಕಡಲಲ್ಲಿ ಅದು ಮೆಲ್ಲಗೆ ಹೆಚ್ಚುತ್ತಿತ್ತಂತೆ. ಆಮೇಲೆ ಯಾರೂ ಎಣಿಸದ ಹಾಗೆ ಎರಡು ಮೂರು ವರ್ಷದಲ್ಲಿ ದಡಕ್ಕನೆ ಕುಸಿಯಿತಂತೆ.

ಇದು ಹೇಗೆ ಹೊಳೆಯಿತು ಎಂದು ಗೈಡು ಕೇಳಿದಾಗ ಅವಳು ಇದ್ದದ್ದನ್ನೇ ಹೇಳಿಬಿಟ್ಟಳು. ಅವರು ಎಲ್ಲರೆದುರು ಕೇಳಿದರಂತೆ: “ನಿಮ್ಮಪ್ಪ ಯಾವ ಯೂನಿವರ್ಸಿಟೀನಮ್ಮ? ನಾಟಿ ಹಾಕ್ತಾರಲ್ಲ, ಅದಾ?”

ನಾಲ್ಕು ತಿಂಗಳು ಸಹಿ ಹಾಕಲಿಲ್ಲ. ಅಷ್ಟರಲ್ಲಿ ಅವಳ ನಕ್ಷೆಗಳನ್ನು ತಾವೇ ಯಾವುದೋ ಸಭೆಯಲ್ಲಿ ತೋರಿಸಿ ಶಹಭಾಸ್ ಎನಿಸಿಕೊಂಡು ಬಂದರು. ಬಂದ ಮೇಲೆ ಅವಳನ್ನು ಕರೆದು, “ಕಡಲು ಕಡಲು ಬೇರೆ ಮಾಡೋ ಯೋಚನೆ ನನ್ನದು. ಹಾಗಂತ ಬರಿ. ಇವತ್ತೇ ಸಹಿ ಹಾಕ್ತೀನಿ,” ಎಂದರು.

ಅವಳು ಹಾಗೇ ಬರೆದಳು. ಊರಿಗೆ ಬಂದು ಅಪ್ಪನಿಗೆ ಹೇಳಿ ಅತ್ತಳು.

“ಯೋಚ್ನೆಗೇನು ಗದ್ದೆಗಿದ್ದಂಗೆ ಪಾಣಿ ಇದ್ದದ ಮಗಾ, ನನ್ನೆಸರ್ಗೆ ಕೂರ್ಸಕೆ?” ಎಂದ ಕೆಂಪಯ್ಯ. “ಬರ್ಕೊಳ್ಲಿ ಬುಡು. ನೀ ಡಾಕ್ಟ್ರಾಗು.”

ಕೊನೆಯ ಪರೀಕ್ಷೆಗೆ ಯಾರು ಬೇಕಾದರೂ ಬಂದು ಕೂರಬಹುದಂತೆ. ನಾವಿಬ್ಬರೂ ಬೆಳಗಿನ ಬಸ್ಸಿಗೆ ಹೋದೆವು. ಕೆಂಪಯ್ಯ ಹೊಸ ಬಿಳಿ ಶರಟು ಹಾಕಿದ್ದ. ಹಿಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತ. ಬೇರೆ ಊರಿನ ಪರೀಕ್ಷಕರು ಒಳಗೆ ಬಂದದ್ದೇ ತಡ, ಎದ್ದು ನಿಂತ. ಆಮೇಲೆ ಎಷ್ಟು ಎಳೆದರೂ ಕೂರಲಿಲ್ಲ. ಸಾಹೇಬರು ಕೂತ ಕಡೆ ಅವನು ಎಂದೂ ಕೂತವನಲ್ಲ.

ನಡುವೆ ಬಾಗಿಲ ಹತ್ತಿರ ಯಾರೋ ಕಾಫಿ ಫ್ಲಾಸ್ಕು, ಕಪ್ಪು, ತಟ್ಟೆ ಇಟ್ಟು ಹೋದರು. ಹಂಚುವವರು ಕಾಣಲಿಲ್ಲ. ಪ್ರೇಮ್‌ಕುಮಾರ್ ತಲೆಯೆತ್ತಿ ಸುತ್ತ ನೋಡಿದರು. ಸಾಹೇಬರು ಹಾಗೆ ನೋಡಿದರೆ ಕೆಂಪಯ್ಯನ ಕೈ ಅವನ ಮಾತು ಕೇಳುವುದಿಲ್ಲ. ಹೋಗಿ ತಟ್ಟೆ ಎತ್ತಿಕೊಂಡ.

ಪರೀಕ್ಷಕರು ಗೌತಮಿಯನ್ನು ಕೇಳಿದರು: “ಒಟ್ಟು ಲೆಕ್ಕಕ್ಕೆ ಎಲ್ಲರೂ ಮೋಸಹೋಗ್ತಾರೆ. ಬೇರೆ ಮಾಡಿ ನೋಡಬೇಕು ಅಂತ ಹೊಳೆದದ್ದು ಯಾರಿಗಮ್ಮ?”

“ನಮ್ಮ ಗೈಡ್‌ಗೆ ಸರ್.”

ಕೆಂಪಯ್ಯ ಆಗ ಅದೇ ಗೈಡಿನ ಮುಂದೆ ಕಪ್ಪು ಇಡುತ್ತಿದ್ದ. ಅವರು ಅವನನ್ನು ಎಂದೂ ಕಂಡವರಲ್ಲ. “ನಂಗೆ ಸಕ್ಕರೆ ಇಲ್ಲದ್ದು ತಗೊಂಬಾಪ್ಪ,” ಎಂದು ಗೌತಮಿಯ ಕಡೆ ತಿರುಗಿದರು. “ಯಾರಮ್ಮ ಇವನು? ಹೊಸ ಅಟೆಂಡರಾ?”

ಅವಳು ಅಪ್ಪನ ಮುಖ ನೋಡಿದಳು. ಸಭೆಯನ್ನು ನೋಡಿದಳು.

“ಹೂಂ ಸರ್. ಹೊಸಬರು.”

ನಾನು ಅರ್ಧ ಎದ್ದಿದ್ದೆ. ಕೆಂಪಯ್ಯ ಕಣ್ಣಿನಲ್ಲೇ ಗದರಿಸಿ ಕೂರಿಸಿದ.

ಅವಳಿಗೆ ಡಾಕ್ಟರ್ ಪದವಿ ಸಿಕ್ಕಿತೆಂದು ಹೇಳಿ ಎಲ್ಲರೂ ಚಪ್ಪಾಳೆ ತಟ್ಟಿದಾಗ ಅವನು ಹೊರಗಿನ ನಲ್ಲಿಯಲ್ಲಿ ಕಪ್ಪು ತೊಳೆಯುತ್ತಿದ್ದ. ಕಿವಿಗೆ ಬಿತ್ತೋ ಇಲ್ಲವೋ ತಿಳಿಯದು. ನಲ್ಲಿ ಜೋರಾಗಿತ್ತು.

ಹಾರ ಹಾಕಿಕೊಂಡು ಎಲ್ಲರೂ ಫೋಟೋಕ್ಕೆಂದು ಮೆಟ್ಟಿಲ ಮೇಲೆ ನಿಂತರು. ಕೆಂಪಯ್ಯ ಒದ್ದೆ ಕೈ ಶರಟಿಗೆ ಒರೆಸಿಕೊಂಡು ಬಂದು ಮಗಳ ಹತ್ತಿರ ನಿಂತ.

“ಏಯ್, ಪಕ್ಕಕ್ಕೆ ಹೋಗಪ್ಪ, ಫೋಟೋದಲ್ಲಿ ಬೀಳ್ತೀಯ,” ಎಂದರು ಪ್ರೇಮ್‌ಕುಮಾರ್.

ಗೌತಮಿ ನೆಲ ನೋಡುತ್ತಿದ್ದಳು. ಅವನು ಒಂದು ಗಳಿಗೆ ಕಾದ. ಆಮೇಲೆ ಮೆಟ್ಟಿಲಿಳಿದು ನನ್ನ ಪಕ್ಕಕ್ಕೆ ಬಂದ. ಅಲ್ಲಿಂದಲೇ ಗಟ್ಟಿಯಾಗಿ ಹೇಳಿದ:

“ತಲೆ ಎತ್ಕೊಳಿ ಮೇಡಮ್. ಮಕ ಕಾಣಕಿಲ್ಲ.”

ಅವಳು ತಲೆ ಎತ್ತಿದಳು.