ಅಕ್ಕಾರು ಹಿಡಿದ ತಪ್ಪು

ಮೊನ್ನೆ ದಾಂಡೇಲಿಯ ಮನೆಯಲ್ಲಿ ಹಳೇ ಕಂಪ್ಯೂಟರ್ ಬಿಚ್ಚಿದೆ. ಕಾದ ಧೂಳಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಕಾಲೇಜಿನ ಲ್ಯಾಬು, ಅಲ್ಲಿ ನಾವೆಲ್ಲ ಅಕ್ಕಾರು ಎಂದು ಕರೆಯುತ್ತಿದ್ದ ಹಿರಿಯ ಹೆಂಗಸು ನೆನಪಾದರು...

ಅವರು ಪಾಠ ಮಾಡುವವರಲ್ಲ, ಲ್ಯಾಬ್ ನೋಡಿಕೊಳ್ಳುವವರು. ಹಳಿಯಾಳ ಕಡೆಯ ಸಿದ್ದಿ ಮನೆತನದವರು. ಕೆಟ್ಟ ಯಂತ್ರಗಳನ್ನು ಬಿಚ್ಚಿ ಬಿಚ್ಚಿಯೇ ಕೆಲಸ ಕಲಿತಿದ್ದರು. ನಾನು ಮಳಗಿ ಊರಿನಿಂದ ಬಸ್ಸಿಗೆ ಬರುತ್ತಿದ್ದ ಕೊನೆಯ ವರ್ಷದ ವಿದ್ಯಾರ್ಥಿನಿ.

ನನ್ನ ಪ್ರಾಜೆಕ್ಟು ಕರ್ನಲ್ ಮೇಲಿತ್ತು. ಕಂಪ್ಯೂಟರಿನ ಉಳಿದೆಲ್ಲ ಪ್ರೋಗ್ರಾಮುಗಳನ್ನು ನಡೆಸುವುದೇ ಕರ್ನಲ್. ಅದು ಯಾವಾಗ ಏನು ಮಾಡಿತೆಂದು ಬರೆದಿಡುವ ಭಾಗಕ್ಕೆ ಟ್ರೇಸಿಂಗ್ ಎನ್ನುತ್ತಾರೆ. ನಾನು ಟ್ರೇಸಿಂಗ್ ಚಾಲೂ ಮಾಡಿದಾಗಲೆಲ್ಲ ಯಂತ್ರ ನಿಂತುಬಿಡುತ್ತಿತ್ತು. ಮೂರನೇ ಸಲ ನಿಂತಾಗ ವಿಭಾಗದ ಮುಖ್ಯಸ್ಥರು, ಯಂತ್ರ ಹಾಳು ಮಾಡುತ್ತೀ ಎಂದು ಬೈದು ನನ್ನನ್ನು ಲ್ಯಾಬಿನಿಂದ ಹೊರಗೆ ಹಾಕಿದರು. ಪ್ರಾಜೆಕ್ಟು ಮುಗಿಯದೆ ನಾನು ಪಾಸಾಗುವಂತಿರಲಿಲ್ಲ.

ಮೆಟ್ಟಿಲ ಮೇಲೆ ಅಳುತ್ತ ಕುಳಿತಿದ್ದೆ. ಅಕ್ಕಾರು ಪಕ್ಕದಲ್ಲಿ ಬಂದು ಕೂತು, "ಏನೇನ್ ಮಾಡಿದಿ, ಒಂದೂ ಬಿಡದ ಹೇಳ ತಂಗಿ," ಅಂದರು. ಹೇಳಿದೆ.

"ಹಂಗಾರ ತಪ್ಪು ನಿಂದಲ್ಲ, ಅದರಾಗ ಐತಿ. ಹುಡುಕೂಣು ಬಾ."

ಯಂತ್ರ ಕೆಟ್ಟರೆ ಹೊಣೆ ತಮ್ಮದೆಂದು ಮುಖ್ಯಸ್ಥರಿಗೆ ಬರೆದುಕೊಟ್ಟರು. ಅಕ್ಕಾರು ಜೊತೆಗಿದ್ದಾಗ ಮಾತ್ರ ಲ್ಯಾಬಿನೊಳಗೆ ಬರಲು ನನಗೆ ಒಪ್ಪಿಗೆ ಸಿಕ್ಕಿತು. ನನಗಾಗಿ ಮನೆಯವರನ್ನು ಬಿಟ್ಟು ಯಾರೂ ಹಾಗೆ ನಿಂತಿರಲಿಲ್ಲ.

ಎಂಟು ದಿನ ಇಬ್ಬರೂ ಕೋಡ್ ಓದಿದೆವು. ಅವರಿಗೆ ಇಂಗ್ಲಿಷ್ ಕಷ್ಟ. ನಾನು ಒಂದೊಂದೇ ಸಾಲು ಬಿಡಿಸಿ ಹೇಳುವುದು, ಅವರು ಕಾಗದದ ಮೇಲೆ ಗುರುತು ಹಾಕುವುದು. ಒಂದು ಮಧ್ಯಾಹ್ನ ಪೆನ್ನು ನಿಂತಿತು.

"ತಡಿ. ಈ ಜಾಗಾ ಆಗಲೇ ಬಿಟ್ಟುಕೊಟ್ಟೈತಲ್ಲ, ಮತ್ಯಾಕ ಬಿಡಾಕತ್ತೈತಿ?"

ಅದೇ ತಪ್ಪು. ನಮ್ಮ ಹಳೇ ಯಂತ್ರಗಳಲ್ಲಿ ಮೆಮೊರಿ ಕಡಿಮೆ. ಅದು ಸಾಲದೆ ಟ್ರೇಸಿಂಗ್ ಅರ್ಧಕ್ಕೆ ಕೈಬಿಟ್ಟಾಗ, ಒಮ್ಮೆ ಬಿಟ್ಟುಕೊಟ್ಟ ಮೆಮೊರಿಯ ಜಾಗವನ್ನೇ ಕರ್ನಲ್ ಇನ್ನೊಮ್ಮೆ ಬಿಟ್ಟುಕೊಡಲು ಹೋಗಿ ಕುಸಿಯುತ್ತಿತ್ತು. ಒಂದು ಸಾಲು ಸೇರಿಸಿದೆವು. ಯಂತ್ರ ನಿಲ್ಲಲಿಲ್ಲ.

ಆ ಕರ್ನಲ್ ಕೋಡನ್ನು ಯಾರು ಬೇಕಾದರೂ ತಿದ್ದಿ ಕಳಿಸಬಹುದು; ನಾವು ತಿದ್ದಿದ್ದನ್ನು ಅದನ್ನು ನೋಡಿಕೊಳ್ಳುವ ತಂಡಕ್ಕೆ ಮೇಲ್ ಮಾಡಿದೆ. ವಿವರಣೆ ಸಾಲದೆಂದು ವಾಪಸ್ ಬಂತು. ಮತ್ತೆ ಬರೆದೆ, ಒಪ್ಪಿಕೊಂಡರು. ತಪ್ಪು ಕಂಡುಹಿಡಿದವರೆಂದು ಅಕ್ಕಾರ ಹೆಸರು ಹಾಕಿದ್ದೆ. ಪರದೆಯ ಮೇಲೆ ಅದನ್ನು ಅಕ್ಕಾರು ಒಂದೊಂದೇ ಅಕ್ಷರ ಬೆರಳಿಟ್ಟು ಓದಿ, "ಸ್ಪೆಲಿಂಗ್ ಬರೋಬರಿ ಐತಿ ನೋಡ," ಎಂದು ನಕ್ಕರು. ಮುಖ್ಯಸ್ಥರೂ ಓದಿದರು. ಮರುದಿನದಿಂದ ಲ್ಯಾಬಿನ ಬಾಗಿಲು ನನಗೆ ಯಾವಾಗಲೂ ತೆರೆದಿತ್ತು. ಆ ವರ್ಷವೇ ಪಾಸಾದೆ.

ಹೋದ ವರ್ಷ ಅಕ್ಕಾರು ತೀರಿಕೊಂಡರು. ನನಗೆ ತಿಳಿದದ್ದು ತಿಂಗಳ ಮೇಲೆ...

ಈಗ ಕರ್ನಲ್ ಕೋಡ್ ತಿದ್ದುವುದೇ ನನ್ನ ಕಸುಬು. ಈ ವಾರ ನೋಡಿದರೆ, ಕೋಡಿನ ಆ ಭಾಗವನ್ನು ಯಾರೋ ಪೂರ್ತಿ ಹೊಸದಾಗಿ ಬರೆದಿದ್ದಾರೆ. ನಮ್ಮ ಸಾಲು ಅಲ್ಲಿಲ್ಲ. ಮೊದಲು ಅಕ್ಕಾರಿಗೇ ಹೇಳಬೇಕೆನಿಸಿ ಫೋನ್ ಕೈಗೆತ್ತಿಕೊಂಡೆ. ಅವರ ನಂಬರು ಇನ್ನೂ ಅಳಿಸಿಲ್ಲ.